ಹದಿನಾಲ್ಕನೆಯ ಪುಟ

ಬಸವನಗುಡಿ
೧೧ ಜೂನ್ ೧೯೯೭

ಮೋನಿ,

ನಮ್ಮ ಮನೆಯಿಂದ ಬಿನ್ನಿಪೇಟೆಗೆ ಒಂದು ಬಸ್ಸಿನ ದೂರ. ಅಷ್ಟಕ್ಕೂ ಸ್ಟಾಂಪು ಅಂಟಿಸ್ತೀಯಲ್ಲೇ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಏನು ಮಾಡಲಿ? ಎದುರಿಗೆ ಕೂತರೆ ನೀನು ಮಾತಾಡುತ್ತೀಯ, ನಾನು ನಿನ್ನ ಚಪ್ಪಲಿ ನೋಡುತ್ತೇನೆ. ಎಂ.ಎ. ಎರಡು ವರ್ಷವೂ ಹಾಗೇ ಮುಗಿಯಿತು. ಕಾಗದದಲ್ಲಾದರೂ ಮೊದಲ ಮಾತು ನನ್ನದಾಗಲಿ.

ನನಗೊಂದು ಕೆಲಸ ಸಿಕ್ಕಿದೆ. ನಮ್ಮ ಮಲ್ಲಿಕಾರ್ಜುನಯ್ಯ ಮೇಷ್ಟ್ರು ಅಂಚೆ ಶಿಕ್ಷಣದವರಿಗಾಗಿ ರಾಜ್ಯಶಾಸ್ತ್ರದ ಪಾಠಗಳನ್ನು ಕನ್ನಡಕ್ಕೆ ಮಾಡಿಸುತ್ತಿದ್ದಾರಲ್ಲ, ಅದರಲ್ಲಿ ಚೀನಾದ ಕನ್‌ಫ್ಯೂಷಿಯಸ್ ನನ್ನ ಪಾಲಿಗೆ ಬಂದಿದ್ದಾನೆ. ಆರು ಅಧ್ಯಾಯ. ರಾಜ್ಯವನ್ನು ದಂಡದಿಂದ ಆಳಬೇಡ, ನಡತೆಯಿಂದ ಆಳು ಎನ್ನುವವನು ಅವನು. ಮೇಲಿನವನು ನೇರವಾಗಿದ್ದರೆ ಕೆಳಗಿನವರಿಗೆ ಆದೇಶವೇ ಬೇಕಿಲ್ಲವಂತೆ. ಅಣ್ಣನಿಗೆ ಓದಿ ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತಾ ಕೇಳಿಸಿಕೊಂಡು, “ಈ ಮಹಾಶಯ ನಮ್ಮ ಆಫೀಸಿಗೆ ಬಂದಿದ್ರೆ ಒಂದೇ ವಾರದಲ್ಲಿ ಟ್ರಾನ್ಸ್‌ಫರ್ ಮಾಡ್ಬಿಡ್ತಿದ್ರು ಕಣೆ” ಎಂದು ನಕ್ಕರು. ಆದರೆ ಆಫೀಸಿನ ಪೆನ್ನಿನಲ್ಲಿ ಮನೆಯ ಸಾಮಾನಿನ ಚೀಟಿಯನ್ನೂ ಬರೆಯದವರು ನಮ್ಮ ಅಣ್ಣ. ಮೇಲಿನವನು ಹೇಗಿರಬೇಕು ಎಂದು ಪಾಠದಲ್ಲಿ ಬಂದಾಗಲೆಲ್ಲ ನನಗೆ ಅವರ ಮುಖವೇ ಕಾಣುತ್ತದೆ.

ನಿನ್ನ ಅಪ್ಪನವರಿಗೆ ನನ್ನ ನಮಸ್ಕಾರ ಹೇಳು. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಅಕ್ಷರ ಇರುವೆ ಹರಿದಾಡಿದಂತಿತ್ತು. ಅಣ್ಣ ಆಫೀಸಿನಿಂದ ಅವರ ಹಳೆಯ ಕರಡು ಹಾಳೆಗಳನ್ನು ತಂದು, “ನೋಡು, ಇದು ನಮ್ಮ ಸೆಕ್ಷನ್ನಿನ ಶಿವಲಿಂಗಯ್ಯನವರ ಅಕ್ಷರ. ದಿನಾ ಒಂದು ಪುಟ ಹೀಗೇ ಕಾಪಿ ಬರಿ” ಅಂದರು. ಮೂರು ವರ್ಷ ಬರೆದೆ. ನನ್ನ ಕೈಗೆ ಬೇರೆ ಅಕ್ಷರ ಗೊತ್ತಿಲ್ಲ. ಈಗಲೂ ಅಣ್ಣ ಭಾನುವಾರ ಏನಾದರೂ ನಕಲಿಗೆ ಕೊಡುತ್ತಾರೆ. ಮೊನ್ನೆಯೂ ಒಂದು ಹಾಳೆ ಬರೆದುಕೊಟ್ಟೆ. ನಕಲು ಮಾಡುವಾಗ ನಾನು ಅರ್ಥ ನೋಡುವುದಿಲ್ಲ, ಅರ್ಥಕ್ಕೆ ಹೋದರೆ ಸಾಲು ಓರೆಯಾಗುತ್ತದೆ.

ಒಂದು ಸಹಾಯ ಮಾಡು. ಕನ್‌ಫ್ಯೂಷಿಯಸ್ ‘ಲೀ’ ಎನ್ನುತ್ತಾನೆ. ಪೂಜೆ, ಪದ್ಧತಿ, ಇನ್ನೊಬ್ಬರ ಎದುರು ನಾವು ನಿಲ್ಲುವ ರೀತಿ, ಎಲ್ಲವೂ ಅದರಲ್ಲಿದೆ. ‘ಆಚಾರ’ ಎಂದು ಹಾಕಲೇ?

ನಿನ್ನ ಚಪ್ಪಲಿ ನೋಡುವವಳು,
ದೀಪ್ತಿ


ಬಿನ್ನಿಪೇಟೆ
೧೭ ಜೂನ್ ೧೯೯೭

ಲೇ ದೀಪು,

‘ಆಚಾರ’ ಹಾಕು, ನಮ್ಮ ಬೀದಿಯಲ್ಲಿ ಪುಸ್ತಕ ಅಲ್ಲೇ ಮುಚ್ಚುತ್ತಾರೆ. ನಮ್ಮ ಅಜ್ಜಿ ಸಿದ್ದಮ್ಮನಿಗೆ ಆಚಾರ ಎಂದರೆ ಹೊರಗೆ ನಿಲ್ಲಿಸಿ ಮೇಲಿನಿಂದ ನೀರು ಹೊಯ್ಯುತ್ತಿದ್ದ ನೆನಪು. ಅಪ್ಪನನ್ನು ಕೇಳಿದೆ. “ನಡವಳಿಕೆ ಅಂತ ಹಾಕ್ಲಿ, ಅದ್ರಲ್ಲಿ ಯಾರಿಗೂ ಗಾಯ ಆಗಲ್ಲ” ಅಂದರು. ಅವನದೇ ಇನ್ನೊಂದು ಪದ ಇದೆಯಲ್ಲ, ರೆನ್ನೋ ಪೆನ್ನೋ, ಅದಕ್ಕೆ ‘ಮನುಷ್ಯತನ’ ಸಾಕಂತೆ. ಪುಕ್ಕಟೆ ಸಲಹೆ. ಪುಸ್ತಕದಲ್ಲಿ ಅಪ್ಪನ ಹೆಸರು ಹಾಕಿಸು.

ಅಪ್ಪನ ಅಕ್ಷರ ಕಾಪಿ ಮಾಡಿ ಕಲಿತೆ ಎನ್ನುತ್ತೀಯಲ್ಲ, ಕೇಳಿ ಸಂಕೋಚಪಟ್ಟುಕೊಂಡು ಟವೆಲಿನಿಂದ ಮುಖ ಒರೆಸಿಕೊಂಡರು. ಅವರ ಅಕ್ಷರ ನನಗೆ ಬರಲಿಲ್ಲ, ಅಪ್ಪನನ್ನ ಅಣ್ಣ ಅಂತ ಕರೆಯುವ ನಿಮ್ಮ ಮನೆಗೆ ಹೋಗಿ ಸೇರಿತು. ಅನ್ಯಾಯ!

ನಿನ್ನ ಚೀನಾದವನು ಅಪ್ಪನಿಗೆ ಬಹಳ ಹಿಡಿಸಿದ್ದಾನೆ. ರಾಜ ತಪ್ಪಿದಾಗ ಮಂತ್ರಿ ಸುಮ್ಮನಿರಬಾರದು, ಹೇಳಬೇಕು ಅಂತ ಪಾಠದಲ್ಲಿ ಇದೆಯಂತೆ ಎಂದೆ. ಅಪ್ಪ ಹೇಳಿದರು: “ನಮ್ಮ ಟಿಪ್ಪಣಿ ಹಾಳೆ ಇರೋದು ಅದಕ್ಕೇ ಅಲ್ವೇನಮ್ಮ? ದೊಡ್ಡೋರ ಮುಖಕ್ಕೆ ಹೇಳೋಕೆ ನಮ್ಮಂಥೋರಿಗೆ ಬಾಯಿ ಬರಲ್ಲ. ಹಾಳೆ ಮೇಲೆ ಬರೀತೀವಿ. ಅವ್ರು ಒಪ್ಪಲಿ ಬಿಡಲಿ, ನಾವು ಹೇಳಿದ್ದು ಅಲ್ಲಿ ಇರತ್ತೆ.”

ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಹದಿನೈದು ವರ್ಷದ ಹಿಂದೆ ಅಪ್ಪ ಆ ಸೆಕ್ಷನ್ನಿಗೆ ಹೋದ ಮೊದಲ ದಿನ ಯಾರೋ ಅವರ ಟೀಗೆ ಬೇರೆ ಲೋಟ ಇಟ್ಟರಂತೆ. ನಿಮ್ಮ ಅಣ್ಣನವರು ಏನೂ ಮಾತಾಡಲಿಲ್ಲವಂತೆ. ಎದ್ದು ಬಂದು ಆ ಲೋಟವನ್ನು ತೆಗೆದುಕೊಂಡು ತಾವೇ ಕುಡಿದರಂತೆ. ಮಾರನೆಯ ದಿನದಿಂದ ಎಲ್ಲರಿಗೂ ಒಂದೇ ಥರದ ಲೋಟ. ಅಪ್ಪ ಇದನ್ನು ನನಗೆ ನೂರು ಸಲ ಹೇಳಿದ್ದಾರೆ. ಹಾಗಾಗಿ ನಿನ್ನನ್ನು ಸಹಿಸಿಕೊಂಡಿದ್ದೇನೆ.

ಭಾನುವಾರ ಬ್ಯೂಗಲ್ ರಾಕಿಗೆ ಬಾ. ಮಾತಾಡಬೇಡ, ಕಡಲೆಕಾಯಿ ತಿನ್ನು.

ಮೋನಿ


ಬಿನ್ನಿಪೇಟೆ
೬ ಆಗಸ್ಟ್ ೧೯೯೭

ದೀಪ್ತಿ,

ಅಪ್ಪನನ್ನು ಸಸ್ಪೆಂಡ್ ಮಾಡಿದ್ದಾರೆ. ನಿಮ್ಮ ಮನೆಯಲ್ಲಿ ಗೊತ್ತಾಗಿಯೇ ಇರುತ್ತದೆ.

ಚಾಮರಾಜಪೇಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಎಂದು ಇಟ್ಟಿದ್ದ ಜಾಗವನ್ನು ಒಂದು ಟ್ರಸ್ಟಿಗೆ ಕಲ್ಯಾಣ ಮಂಟಪ ಕಟ್ಟಲು ಕೊಟ್ಟರು. ಅದು ಗಲಾಟೆಯಾಯಿತು. ಯಾರು ಶಿಫಾರಸು ಮಾಡಿದ್ದು ಎಂದು ಕಡತ ತೆಗೆದರೆ ಅಪ್ಪನ ಟಿಪ್ಪಣಿ. ಮೂರು ಪುಟ. ಹದಿಮೂರರಲ್ಲಿ ಅರ್ಜಿಯ ಸಾರಾಂಶ, ಹದಿನಾಲ್ಕರಲ್ಲಿ ‘ಟ್ರಸ್ಟಿಗಲ್ಲದೆ ಬೇರೆ ಯಾರಿಗೂ’ ಎಂದು ಕೊನೆಯಾಗುವ ಅಭಿಪ್ರಾಯ, ಹದಿನೈದರಲ್ಲಿ ‘ಕೊಡುವುದು ಸೂಕ್ತವಲ್ಲ’ ಎಂಬ ಒಂದೇ ಸಾಲು ಮತ್ತು ಸಹಿ. ಅಪ್ಪ ಹೇಳುವುದು, ಕೊಡಬಾರದು ಎಂದು ನಾನು ಬರೆದಿದ್ದೆ, ಈ ಹದಿನಾಲ್ಕನೆಯ ಪುಟ ನನ್ನದಲ್ಲ ಎಂದು. ಯಾರು ನಂಬುತ್ತಾರೆ? ಅಕ್ಷರ ಅವರದೇ. ಜೆರಾಕ್ಸ್ ಪ್ರತಿ ಮನೆಗೆ ಬಂದಿದೆ, ನಾನೂ ನೋಡಿದೆ. ದೀಪು, ನನಗೂ ಅದು ಅಪ್ಪನ ಅಕ್ಷರದಂತೆಯೇ ಕಂಡಿತು. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಆಗಿನಿಂದ ಅಪ್ಪ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕೂತಿರುತ್ತಾರೆ. ನಿನ್ನೆ ಕೇಳಿದರು: “ನಾನೇ ಬರ್ದು ಮರ್ತುಬಿಟ್ನೇನಮ್ಮ? ವಯಸ್ಸಾಯ್ತಲ್ಲ.” ಬೇರೆ ಯಾರ ಮೇಲೂ ಅವರಿಗೆ ಅನುಮಾನ ಬರುತ್ತಿಲ್ಲ, ತಮ್ಮ ಮೇಲೆಯೇ ಬರುತ್ತಿದೆ.

ಆ ಟಿಪ್ಪಣಿ ಮೊದಲು ಹೋದದ್ದು ನಿಮ್ಮ ಅಣ್ಣನವರ ಮೇಜಿಗೆ. ಅವರು ಸೂಪರಿಂಟೆಂಡೆಂಟ್, ಓದಿಯೇ ಇರುತ್ತಾರೆ. ಒಂದು ಮಾತು ಹೇಳಿದರೆ ಸಾಕು. ಅಪ್ಪ ಹೋಗಿ ಕೇಳಲು ಒಪ್ಪುತ್ತಿಲ್ಲ. “ವರದರಾಜ್ ಸಾರ್‌ಗೆ ಗೊತ್ತಿದೆ, ಸಮಯ ಬಂದಾಗ ಹೇಳ್ತಾರೆ” ಅನ್ನುತ್ತಾರೆ. ನೀನು ಕೇಳುತ್ತೀಯಾ?

ಮೋನಿ


ಬಸವನಗುಡಿ
೧೦ ಆಗಸ್ಟ್ ೧೯೯೭

ಪ್ರೀತಿಯ ಮೋನಿ,

ನಿನ್ನ ಕಾಗದ ಬಂತು. ಓದಿ ತುಂಬಾ ಬೇಸರವಾಯಿತು. ಅಪ್ಪನವರು ಆರೋಗ್ಯ ನೋಡಿಕೊಳ್ಳಲಿ. ಅಣ್ಣನಿಗೆ ಹೇಳಿದ್ದೇನೆ. ಎಲ್ಲ ಸರಿಹೋಗುತ್ತದೆ.

ಮೂರನೆಯ ಅಧ್ಯಾಯ ಮುಗಿಯಿತು. ‘ನಡವಳಿಕೆ’ ಎಂದೇ ಹಾಕಿದ್ದೇನೆ.

ದೀಪ್ತಿ


ಬಸವನಗುಡಿ
೧೦ ಆಗಸ್ಟ್ ೧೯೯೭
(ಅಂಚೆಗೆ ಹಾಕದ್ದು)

ಮೋನಿ,

ಆ ಪುಟ ಬರೆದವಳು ನಾನು.

ಜೂನ್ ಎಂಟು, ಭಾನುವಾರ. ಅಣ್ಣ ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆ ಕೊಟ್ಟರು, ಜೊತೆಗೆ ಒಂದು ಖಾಲಿ ಟಿಪ್ಪಣಿ ಹಾಳೆ. ಮೂಲದ ಮೇಲೆ ಟೀ ಚೆಲ್ಲಿತು ಅಂದರು. ಮೇಲ್ತುದಿಯಲ್ಲಿ ೧೪ ಎಂದು ಬರೆಯುವಾಗ, ಶಿವಲಿಂಗಯ್ಯನವರು ನಾಲ್ಕರ ಕೊಂಡಿಯನ್ನು ಎಷ್ಟು ಚೆಂದ ಸುತ್ತುತ್ತಾರೆ ಎಂದು ನೆನಪಿಸಿಕೊಂಡು ಹಾಗೆಯೇ ಸುತ್ತಿದೆ. ಅಣ್ಣ ನೋಡಿ, “ಭೇಷ್” ಅಂದರು. ಅಷ್ಟೇ ನನಗೆ ನೆನಪಿರುವುದು. ಏನು ಬರೆದೆ ಎನ್ನುವುದು ನೆನಪಿಲ್ಲ.

ನಿನ್ನ ಕಾಗದ ಬಂದ ದಿನ ಅಣ್ಣನ ಹತ್ತಿರ ಹೋದೆ. ಅವರು ಗಾಂಧಿ ಬಜಾರಿನಿಂದ ತಂದ ಸಂಪಿಗೆಯನ್ನು ಅಮ್ಮನಿಗಾಗಿ ಎಲೆಯಿಂದ ಬಿಡಿಸುತ್ತಿದ್ದರು.

“ಅಣ್ಣ, ಟೀ ಚೆಲ್ಲಿದ ಹಾಳೆ ಎಲ್ಲಿ?”

“ಯಾವ ಹಾಳೆ ಪುಟ್ಟಿ?”

“ಹದಿನಾಲ್ಕು.”

ಅವರ ಕೈಯಲ್ಲಿದ್ದ ಹೂವು ಕೈಯಲ್ಲೇ ಉಳಿಯಿತು. “ಮೇಲಿನೋರು ಕರೆದು ಹೇಳಿದ್ರು. ಪುಟ ಬದಲಾಗ್ಬೇಕು, ಇಲ್ಲಾಂದ್ರೆ ನೀವು ಬದಲಾಗ್ತೀರ ಅಂದ್ರು. ಇಷ್ಟು ದೂರ ಹೋಗತ್ತೆ ಅನ್ಕೊಂಡಿರ್ಲಿಲ್ಲ ಕಣಮ್ಮ” ಅಂದರು.

“ಅವರ ಅಕ್ಷರದಲ್ಲಿ ಯಾಕೆ ಬರೆಸಿದ್ರಿ?”

ಅಣ್ಣ ಉಳಿದ ಹೂವುಗಳನ್ನು ಮತ್ತೆ ಎಲೆಯೊಳಗೆ ಕಟ್ಟತೊಡಗಿದರು. ಅಮ್ಮ ಒಳಗಿನಿಂದ ಬಂದು, “ಏನೇ ಅದು, ಅಣ್ಣನ ಹತ್ರ ದನಿ ಏರಿಸ್ತಿದೀಯ?” ಅಂದರು. ನಾನು ದನಿ ಏರಿಸಿರಲಿಲ್ಲ ಮೋನಿ. ನನ್ನ ದನಿ ಯಾವತ್ತು ಏರಿದೆ?

ಇದನ್ನು ನಿನಗೆ ಕಳಿಸಿದರೆ ಅಣ್ಣ ಹೋಗುತ್ತಾರೆ. ಕಳಿಸದಿದ್ದರೆ ನಿನ್ನ ಅಪ್ಪ ಹೋಗುತ್ತಾರೆ. ನಾಳೆ ಕಳಿಸುತ್ತೇನೆ.

ದೀಪ್ತಿ


ಬಸವನಗುಡಿ
೨೮ ಸೆಪ್ಟೆಂಬರ್ ೧೯೯೭

ಮೋನಿ,

ಬಹಳ ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ್ದೀಯೆಂದು ಮೇಷ್ಟ್ರು ಹೇಳಿದರು. ಅಪ್ಪನವರ ಸಂಬಳ ಅರ್ಧವಾದ ಮೇಲೆ ಮನೆ ನಡೆಯಬೇಕಲ್ಲ. ಕಾರ್ಡಿನಲ್ಲಿ ತಪ್ಪು ಬಿಟ್ಟರೆ ಮದುವೆ ನಿಲ್ಲುವುದಿಲ್ಲ ಬಿಡು ಎಂದು ನಿನ್ನನ್ನು ನಗಿಸಬೇಕು ಅಂದುಕೊಂಡೆ, ಆಗಲಿಲ್ಲ.

ಐದನೆಯ ಅಧ್ಯಾಯದಲ್ಲಿ ಒಂದು ಪ್ರಸಂಗ ಇದೆ. ಒಂದು ಸೀಮೆಯ ಒಡೆಯ ಕನ್‌ಫ್ಯೂಷಿಯಸನ ಎದುರು ಹೆಮ್ಮೆಪಡುತ್ತಾನೆ. ನಮ್ಮಲ್ಲಿ ಎಂಥ ನೇರ ಮನುಷ್ಯನಿದ್ದಾನೆ ಎಂದರೆ, ಅವನ ತಂದೆ ಕುರಿ ಕದ್ದಾಗ ಅವನೇ ಸಾಕ್ಷಿ ಹೇಳಿದ ಎಂದು. ಕನ್‌ಫ್ಯೂಷಿಯಸ್ ಒಪ್ಪುವುದಿಲ್ಲ. ನಮ್ಮ ಕಡೆ ತಂದೆ ಮಗನನ್ನು ಮುಚ್ಚಿಕೊಳ್ಳುತ್ತಾನೆ, ಮಗ ತಂದೆಯನ್ನು ಮುಚ್ಚಿಕೊಳ್ಳುತ್ತಾನೆ, ನೇರತನ ಅದರೊಳಗೇ ಇದೆ ಎಂಬ ಅರ್ಥದಲ್ಲಿ ಉತ್ತರ ಕೊಡುತ್ತಾನೆ. ಮನೆಯಲ್ಲಿ ಪ್ರೀತಿ ಕಲಿಯದವನು ರಾಜ್ಯಕ್ಕೆ ಏನು ಕೊಟ್ಟಾನು ಎನ್ನುವುದು ಅವನ ವಾದ. ತಂದೆ ತಪ್ಪಿದರೆ ಮಗ ಮೆಲ್ಲಗೆ ಹೇಳಬೇಕು. ಕೇಳದಿದ್ದರೆ ಗೌರವ ಬಿಡದೆ ಮತ್ತೆ ಹೇಳಬೇಕು. ಅಷ್ಟೇ.

ನಾನು ಆ ಪುಟವನ್ನು ನಾಲ್ಕು ಸಲ ಅನುವಾದಿಸಿದೆ. ನಾಲ್ಕು ಸಲವೂ ಹರಿದು ಹಾಕಿದೆ. ಅವನು ಹೇಳಿದ್ದು ಸರಿ ಅನ್ನಿಸುತ್ತದೆಯಾ ನಿನಗೆ?

ದೀಪ್ತಿ


ಬಿನ್ನಿಪೇಟೆ
೧೫ ಅಕ್ಟೋಬರ್ ೧೯೯೭

ದೀಪ್ತಿ,

ಕುರಿ ಯಾರದು?

ನಿನ್ನ ಕಾಗದವನ್ನು ಎರಡು ಸಲ ಓದಿದೆ. ತಂದೆ ಇದ್ದಾನೆ, ಮಗ ಇದ್ದಾನೆ, ಸೀಮೆಯ ಒಡೆಯ ಇದ್ದಾನೆ, ಅಷ್ಟು ದೊಡ್ಡ ಗುರು ಇದ್ದಾನೆ. ಕುರಿ ಕಳೆದುಕೊಂಡವನು ಎಲ್ಲಿದ್ದಾನೆ? ಅವನಿಗೂ ಒಬ್ಬಳು ಮಗಳು ಇರಬಹುದಲ್ಲ? ಅವಳು ತನ್ನ ಅಪ್ಪನಿಗಾಗಿ ಏನು ಮಾಡಬೇಕು ಎಂದು ನಿನ್ನ ಆರು ಅಧ್ಯಾಯದಲ್ಲಿ ಎಲ್ಲಾದರೂ ಬರೆದಿದೆಯಾ? ಹುಡುಕಿ ಹೇಳು.

ನಾಲ್ಕು ಸಲ ಹರಿದು ಹಾಕಿದೆ ಅಂದೆಯಲ್ಲ, ಅಲ್ಲಿ ನನ್ನ ಕಣ್ಣು ನಿಂತಿತು. ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದೆ. ಜೂನ್ ಹನ್ನೊಂದರ ಕಾಗದದಲ್ಲಿ ಒಂದು ಸಾಲು ಇದೆ, ಆಗ ಅದರ ಮೇಲೆ ಹಾದುಹೋಗಿದ್ದೆ. ಮೊನ್ನೆಯೂ ಒಂದು ಹಾಳೆ ಬರೆದುಕೊಟ್ಟೆ ಎಂದು. ಕಾಗದವನ್ನು ಹದಿನಾಲ್ಕನೆಯ ಪುಟದ ಪಕ್ಕ ಇಟ್ಟೆ. ಅಪ್ಪ ‘ಳ’ದ ಬಾಲವನ್ನು ಒಳಗೆ ಮಡಿಸುತ್ತಾರೆ. ನೀನು ಹೊರಗೆ ಬಿಡುತ್ತೀಯ. ಪುಟದಲ್ಲಿ ಹನ್ನೊಂದು ‘ಳ’ ಇವೆ. ಹನ್ನೊಂದರ ಬಾಲವೂ ಹೊರಗೆ.

ಅಪ್ಪನಿಗೆ ತೋರಿಸಿದೆ. ಅವರು ಅತ್ತುಬಿಟ್ಟರು ದೀಪ್ತಿ. ನನ್ನ ತಲೆ ಕೆಟ್ಟಿಲ್ಲ ಎನ್ನುವ ಸಮಾಧಾನಕ್ಕೆ ಅತ್ತರು. ಆಮೇಲೆ, “ಐದನೇ ಕ್ಲಾಸಿನಿಂದ ಕಾಪಿ ಮಾಡಿ ಆ ಮಗು ನನ್ನ ಅಕ್ಷರ ಇಷ್ಟು ಚೆನ್ನಾಗಿ ಕಲಿತುಬಿಡ್ತಾ?” ಎಂದು ಕೇಳಿದರು. ಅವರ ಮುಖದಲ್ಲಿ ಒಂದು ಥರದ ಸಂತೋಷವೂ ಇತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ವಿಚಾರಣೆ ನವೆಂಬರ್ ಹದಿನೆಂಟಕ್ಕೆ, ಬೆಳಗ್ಗೆ ಹನ್ನೊಂದು. ಈ ಕಾಗದಗಳನ್ನು ಅಲ್ಲಿ ಕೊಡೋಣ ಅಂದೆ. ಅಪ್ಪ ಬೇಡ ಅಂದರು. “ಅದು ಆ ಹುಡುಗಿ ನಿನಗೆ ಬರೆದಿದ್ದು, ವಿಚಾರಣೆಗಲ್ಲ. ಸ್ನೇಹಿತೆಯ ಕಾಗದ ಹಿಡ್ಕೊಂಡು ಅವಳ ತಂದೆಯನ್ನ ಕೆಡವಬಾರ್ದು. ಅವಳೇ ಬರ್ಬೇಕು, ಬರ್ತಾಳೆ.” ನಾನು ಕೂಗಾಡಿದೆ. ಅವರು ಕೇಳಲಿಲ್ಲ.

ನನ್ನ ಹತ್ತಿರ ಇದ್ದರೆ ಕೊಟ್ಟೇ ಕೊಡುತ್ತೇನೆ. ಅದಕ್ಕೇ ಎಲ್ಲವನ್ನೂ ದಾರ ಕಟ್ಟಿ ನಿನಗೇ ಕಳಿಸುತ್ತಿದ್ದೇನೆ. ಇಪ್ಪತ್ತಮೂರು ಕಾಗದ. ಈಗ ನಮ್ಮ ಕೈಯಲ್ಲಿ ಏನೂ ಇಲ್ಲ.

ಮೋನಿಷಾ


ಮನೆ
೧೭ ನವೆಂಬರ್ ೧೯೯೭

ಚಿ. ದೀಪ್ತಿಗೆ,

ಒಂದೇ ಮನೆಯಲ್ಲಿದ್ದು ಕಾಗದ ಬರೆಯುವ ಅಭ್ಯಾಸ ನಿನ್ನಿಂದ ನನಗೂ ಬಂತು. ನಿಜ ಹೇಳಿಬಿಡಿ ಎಂದು ನನ್ನ ಕನ್ನಡಕದ ಡಬ್ಬಿಯಲ್ಲಿ ನೀನು ಇಡುತ್ತಿದ್ದ ಚೀಟಿಗಳನ್ನೆಲ್ಲ ಓದಿದ್ದೇನೆ. ನಿನ್ನ ಕುರಿಯ ಅಧ್ಯಾಯವನ್ನೂ ಓದಿದೆ. ಮಗಳು ತಂದೆಯನ್ನು ಮುಚ್ಚಿಕೊಳ್ಳಬೇಕು ಎಂದಿದೆ. ತಂದೆಯಾದವನು ಮಗಳ ಕೈಯನ್ನು ಎಂಥ ಕೆಲಸಕ್ಕೆ ಬಳಸಬಾರದು ಎನ್ನುವುದು ಅದರಲ್ಲಿಲ್ಲ. ಆ ಗುರುವಿಗೆ ನನ್ನಂಥವನು ಸ್ಮರಣೆಗೆ ಬಂದಿರಲಿಕ್ಕಿಲ್ಲ.

ನಾಳೆ ನಾನೇ ಹೋಗಿ ಹೇಳುತ್ತೇನೆ. ನೀನು ಬರಬೇಡ. ಅಷ್ಟು ಜನರ ಮುಂದೆ ನಿನಗೆ ಮಾತು ಹೊರಡುವುದಿಲ್ಲ, ನನಗೆ ಗೊತ್ತು. ಅದೊಂದರಿಂದಲಾದರೂ ನಿನ್ನನ್ನು ತಪ್ಪಿಸುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ


ಬಸವನಗುಡಿ
೨೦ ನವೆಂಬರ್ ೧೯೯೭

ಮೋನಿ, ಮೋನಿ,

ಅಣ್ಣ ಹೇಳಿದರು. ನಿನಗೆ ಈಗಾಗಲೇ ಗೊತ್ತಿರುತ್ತದೆ, ಆದರೂ ನಾನೇ ಬರೆಯಬೇಕು. ಮೊನ್ನೆ ಅಣ್ಣ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಮತ್ತೆ ಅದನ್ನು ಬಿಟ್ಟು ಪ್ಯಾಂಟು ಹಾಕಿಕೊಂಡು ಹೊರಟರು. ಕಾಗದಗಳ ಕಟ್ಟನ್ನು ನಾನೇ ಅವರ ಬ್ಯಾಗಿಗೆ ಹಾಕಿದೆ, ಸಾಕ್ಷಿಗೆ ಬೇಕಲ್ಲ. ಸಂಜೆ ಬಂದರು. ಏನಾಯಿತು ಅಂದೆ. “ಆಯ್ತು ಪುಟ್ಟಿ” ಅಂದರು. ಕೈಯಲ್ಲಿ ಸಂಪಿಗೆ ಇತ್ತು. ಅಮ್ಮ ಒಂದೇ ಸಮ ಅತ್ತರು. ಅಣ್ಣನ ಪಿಂಚಣಿ ಹೋಗಬಹುದು. ಹೋಗಲಿ.

ನಾನು ಮೂರು ತಿಂಗಳು ನಿನ್ನಿಂದ ಮುಚ್ಚಿಟ್ಟೆ. ಅದಕ್ಕೆ ನೀನು ಏನು ಬೈದರೂ ಸರಿ. ಒಮ್ಮೆ ಬಂದು ಎದುರಿಗೆ ಬೈಯ್ಯಿ. ಈ ಸಲ ನಿನ್ನ ಮುಖ ನೋಡುತ್ತೇನೆ.

ದೀಪು


ಬಸವನಗುಡಿ
೩ ಜನವರಿ ೧೯೯೮

ಮೋನಿ,

ಉತ್ತರವಿಲ್ಲ. ಕಾಯುತ್ತೇನೆ. ಆರೂ ಅಧ್ಯಾಯ ಮುಗಿದವು. ಅಪ್ಪನವರಿಗೆ ನಮಸ್ಕಾರ.

ದೀಪು


ಬಿನ್ನಿಪೇಟೆ
೧೨ ಫೆಬ್ರವರಿ ೧೯೯೮

ದೀಪ್ತಿ,

ನಿನ್ನ ನವೆಂಬರಿನ ಕಾಗದ ಬಂದಾಗ, ಇಷ್ಟು ಸುಳ್ಳು ಬರೆಯುವುದನ್ನು ನೀನು ಯಾವಾಗ ಕಲಿತೆ ಎಂದು ಯೋಚಿಸಿದೆ. ಜನವರಿಯದ್ದು ಬಂದ ಮೇಲೆ, ನಿನಗೆ ನಿಜವಾಗಿಯೂ ಗೊತ್ತಿಲ್ಲ ಎಂದು ತಿಳಿಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ನವೆಂಬರ್ ಹದಿನೆಂಟರಂದು ಅಪ್ಪನ ಜೊತೆ ನಾನೂ ಹೋಗಿದ್ದೆ. ಬಾಗಿಲಿನ ಹೊರಗೆ ಬೆಂಚಿನ ಮೇಲಿದ್ದೆ, ಎಲ್ಲ ಕೇಳಿಸುತ್ತಿತ್ತು. ನಿಮ್ಮ ತಂದೆಯವರ ಮುಂದೆ ಹದಿನಾಲ್ಕನೆಯ ಪುಟ ಇಟ್ಟು ಅಧಿಕಾರಿ ಕೇಳಿದರು, “ಈ ಅಕ್ಷರ ಯಾರದು, ಗುರುತಿಸ್ತೀರಾ?” ಹಾಳೆಯನ್ನು ಹತ್ತಿರ ಎಳೆದುಕೊಂಡ ಸದ್ದು ಬಂತು. ಆಮೇಲೆ ನಿಮ್ಮ ತಂದೆ ಹೇಳಿದರು: “ಶಿವಲಿಂಗಯ್ಯನವರದು.”

ಅಪ್ಪ ಹೊರಗೆ ಬಂದು ಮೆಟ್ಟಿಲಿಳಿಯುವಾಗ, “ಪಾಪ, ನನ್ನ ಮುಖ ನೋಡೋಕೂ ಅವರಿಗೆ ಆಗಲಿಲ್ಲ” ಅಂದರು.

ಮೊನ್ನೆ ಆದೇಶ ಬಂತು, ಕಡ್ಡಾಯ ನಿವೃತ್ತಿ. ಅದನ್ನು ತೆಗೆದುಕೊಂಡದ್ದಕ್ಕೆ ಸಹಿ ಮಾಡಿ ಎಂದು ಜವಾನ ಪುಸ್ತಕ ಚಾಚಿದ. ಅಪ್ಪ ಇಂಕಿನ ಪ್ಯಾಡು ಕೇಳಿ ಹೆಬ್ಬೆಟ್ಟು ಒತ್ತಿದರು. ಜವಾನ ಗಾಬರಿಯಾಗಿ, “ಸಾರ್, ನೀವು?” ಅಂದ. “ನನ್ನ ಅಕ್ಷರ ನನ್ನದು ಅಂತ ಹೇಳೋಕೆ ಈಗ ಆಗಲ್ಲಪ್ಪ. ಇದನ್ನಂತೂ ಯಾರೂ ಕಾಪಿ ಮಾಡಲ್ಲ” ಅಂದರು. ಅಂದಿನಿಂದ ಅವರು ಪೆನ್ನು ಮುಟ್ಟಿಲ್ಲ. ಹಾಲಿನ ಚೀಟಿಯನ್ನೂ ನಾನೇ ಬರೆಯುತ್ತೇನೆ.

ಮೋನಿಷಾ


ಬಸವನಗುಡಿ
೯ ಮಾರ್ಚ್ ೧೯೯೮

ಮೋನಿಷಾ,

ಮೋನಿ ಎನ್ನುವ ಹಕ್ಕು ನನಗಿಲ್ಲ.

ನಿನ್ನ ಕಾಗದ ಓದಿ ಅಣ್ಣನ ಬೀರು ತೆಗೆದೆ. ಕಾಗದಗಳ ಕಟ್ಟು ಅಲ್ಲೇ ಇತ್ತು. ನೀನು ಹಾಕಿದ ಗಂಟನ್ನು ಬಿಚ್ಚಿರಲೇ ಇಲ್ಲ. ಅಣ್ಣ ಬಾಗಿಲಲ್ಲಿ ನಿಂತಿದ್ದರು. “ಹೇಳ್ಬೇಕು ಅಂತಲೇ ಹೋದೆ ಕಣಮ್ಮ. ಕುರ್ಚಿ ಮೇಲೆ ಕೂತ್ಮೇಲೆ ಬಾಯಿ ಬರಲಿಲ್ಲ” ಅಂದರು. ಅದು ಸುಳ್ಳಲ್ಲ. ನನ್ನ ನಾಚಿಕೆ ಎಲ್ಲಿಂದ ಬಂತು ಎಂದು ಅಂದು ಗೊತ್ತಾಯಿತು. ಒಮ್ಮೆ ಒಂದು ಲೋಟ ಎತ್ತಿಕೊಂಡು ಮಾತಿಲ್ಲದೆ ಕುಡಿದವರು ಅವರು. ಮಾತಿಲ್ಲದೆ ಆಗುವ ಧೈರ್ಯ ಅಷ್ಟೇ ಅವರಲ್ಲಿತ್ತೋ ಏನೋ.

ಮಾರ್ಚ್ ಎರಡರಂದು ನಾನೇ ವಿಚಾರಣಾಧಿಕಾರಿಯ ಕಚೇರಿಗೆ ಹೋದೆ. ಏನು ಬೇಕು ಎಂದು ಅವರು ಮೂರು ಸಲ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಮೇಜಿನ ಮೇಲಿನ ಹಾಳೆ ತೆಗೆದುಕೊಂಡು ಬರೆದೆ: ‘ಆ ಕಡತದ ಹದಿನಾಲ್ಕನೆಯ ಪುಟವನ್ನು ನನ್ನ ತಂದೆ ವರದರಾಜ ಅವರು ಕೊಟ್ಟ ಕರಡನ್ನು ನೋಡಿ, ಓದದೆ, ನಾನು ನಕಲು ಮಾಡಿದ್ದೇನೆ.’ ಅವರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಕಡತ ತರಿಸಿದರು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, “ನೀವು ಇಲ್ಲಿಗೆ ಬಂದಿರೋದು ನಿಮ್ಮ ತಂದೆಗೆ ಗೊತ್ತೇನಮ್ಮ?” ಎಂದು ಕೇಳಿದರು. ಗೊತ್ತು ಎಂದು ತಲೆಯಾಡಿಸಿದೆ, ಹೊರಡುವ ಮುಂಚೆ ಅವರ ಕನ್ನಡಕದ ಡಬ್ಬಿಯಲ್ಲಿ ಚೀಟಿ ಇಟ್ಟಿದ್ದೆ. ಕಾಗದದ ಕಟ್ಟನ್ನೂ ಕೊಟ್ಟು ಬಂದೆ. ಸ್ವೀಕೃತಿಯ ಮೊಹರು ಇರುವ ಪ್ರತಿ ಇದರ ಜೊತೆಗಿದೆ. ಅಪ್ಪನವರು ಅಪೀಲು ಹಾಕಲಿ.

ಮನೆಗೆ ಬಂದಾಗ ಅಣ್ಣ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದುಕೊಂಡೆ. “ಬಿಸಿಲಲ್ಲಿ ನಡ್ಕೊಂಡು ಬಂದ್ಯಾ? ಮಜ್ಜಿಗೆ ಕುಡಿ” ಎಂದು ಲೋಟ ತಂದುಕೊಟ್ಟರು. ಈಗಲೂ ಮೊದಲಿನಂತೆಯೇ ಮಾತಾಡುತ್ತಾರೆ. ಅಮ್ಮ ಮಾತ್ರ ಮಾತಾಡುವುದಿಲ್ಲ. ಅದನ್ನು ಸಹಿಸಬಹುದು. ಅಣ್ಣ ಮಾತಾಡುವುದನ್ನು ಸಹಿಸಲಾಗುವುದಿಲ್ಲ.

ಪುಸ್ತಕದಲ್ಲಿ ಕುರಿಯ ಪ್ರಸಂಗದ ಕೆಳಗೆ ಒಂದು ಟಿಪ್ಪಣಿ ಸೇರಿಸಿದ್ದೆ: ‘ಕುರಿ ಯಾರದೆಂದು ಇಲ್ಲಿ ಹೇಳಿಲ್ಲ.’ ಪರೀಕ್ಷೆಗೆ ಬೇಕಾಗದ ವಿಷಯ ಎಂದು ಮೇಷ್ಟ್ರು ಹೊಡೆದುಹಾಕಿದರು.

ಇಷ್ಟೇ. ಕ್ಷಮೆ ಕೇಳುತ್ತಿಲ್ಲ.

ದೀಪ್ತಿ


ಬಿನ್ನಿಪೇಟೆ
೨೨ ಫೆಬ್ರವರಿ ೧೯೯೯

ದೀಪ್ತಿಯವರಿಗೆ,

ಒಂದು ವರ್ಷದಿಂದ ನೀವು ಬರೆದ ಕಾಗದಗಳೆಲ್ಲ ಬಂದಿವೆ. ಮೊಹರಿನ ಪ್ರತಿ ಇದ್ದ ಮಾರ್ಚಿನ ಕಾಗದ ಬಿಟ್ಟು ಬೇರೆ ಯಾವುದನ್ನೂ ಒಡೆದು ಓದಿಲ್ಲ.

ಅಪ್ಪನ ಮೇಲಿನ ಆದೇಶ ಕಳೆದ ತಿಂಗಳು ರದ್ದಾಯಿತು. ನಿಮ್ಮ ಹೇಳಿಕೆಯಿಂದಲೇ ಆಯಿತು ಎಂದು ಅದರಲ್ಲಿ ಬರೆದಿದ್ದಾರೆ. ಅಷ್ಟರಲ್ಲಿ ಅವರ ನಿವೃತ್ತಿಯ ವಯಸ್ಸು ದಾಟಿ ಎರಡು ತಿಂಗಳಾಗಿತ್ತು. ಹಾಗಾಗಿ ಒಂದು ದಿನವೂ ಹೋಗಿ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಮ್ಮ ತಂದೆಯವರಿಗೆ ಶಿಕ್ಷೆಯಾದದ್ದನ್ನು ಕೇಳಿ ಅಪ್ಪ ಅವತ್ತು ಊಟ ಬಿಟ್ಟರು. ನಾನು ಬಿಡಲಿಲ್ಲ.

ಚಾಮರಾಜಪೇಟೆಯ ಕಲ್ಯಾಣ ಮಂಟಪದ ಕೆಲಸ ಮುಗಿದಿದೆ. ಅಲ್ಲಿಯ ಮೊದಲ ಮದುವೆಯ ಕಾರ್ಡು ನಮ್ಮ ಅಂಗಡಿಗೇ ಬಂತು. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿತ್ತು. ನಾನೇ ತಿದ್ದಿದೆ.

ಕಳೆದ ವಾರ ಅಪ್ಪ ಪೆನ್ನು ಕೇಳಿದರು. ಒಂದು ವರ್ಷದ ಮೇಲೆ. ಮೂರು ದಿನ ಕೂತು ಒಂದು ಹಾಳೆ ಬರೆದರು. ಕೈ ಹಿಡಿತಕ್ಕೆ ಬರುವವರೆಗೆ ಬರೆದು ಬರೆದು ಎಸೆದರು. ಇದನ್ನು ನಿಮಗೇ ಕಳಿಸಬೇಕಂತೆ. ನನಗೆ ಇಷ್ಟವಿರಲಿಲ್ಲ. ಅವರ ಮಾತು ಮೀರಲಾರದೆ ಕಳಿಸುತ್ತಿದ್ದೇನೆ. ಅವರು ನಿಮ್ಮನ್ನು ಕ್ಷಮಿಸಿದ್ದಾರೆ. ಅದು ಅವರದು. ನನ್ನ ಕೈಲಿ ಆಗಲಿಲ್ಲ, ಪ್ರಯತ್ನ ಮಾಡಿದೆ.

ಇನ್ನು ಬರೆಯಬೇಡಿ.

ಎಸ್. ಮೋನಿಷಾ


(ಜೊತೆಗಿದ್ದ ಹಾಳೆ)

೧೪

ಸದರಿ ನಿವೇಶನವನ್ನು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕಾಗಿ ಮೀಸಲಿಡಲಾಗಿದೆ. ಈ ಮೀಸಲನ್ನು ರದ್ದುಪಡಿಸಿದ ಯಾವುದೇ ಆದೇಶ ಕಡತದಲ್ಲಿ ಇರುವುದಿಲ್ಲ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಕೋರಿ ನೂರ ಹನ್ನೆರಡು ಹೆಣ್ಣುಮಕ್ಕಳ ಅರ್ಜಿಗಳು ಬಾಕಿ ಇರುತ್ತವೆ. ಅವರಲ್ಲಿ ಹೆಚ್ಚಿನವರು ದೂರದ ಊರುಗಳವರಾಗಿದ್ದು, ಸ್ಥಳ ಸಿಗದಿದ್ದಲ್ಲಿ ಓದು ಬಿಡುವ ಸಂಭವವಿದೆ. ಟ್ರಸ್ಟಿನವರ ಮನವಿಯನ್ನು ಒಪ್ಪಲು ಕಾರಣ ಕಂಡುಬರುವುದಿಲ್ಲ. ಮೇಲಧಿಕಾರಿಗಳ ಅಭಿಪ್ರಾಯ ಇದಕ್ಕೆ ಭಿನ್ನವಾಗಿದ್ದಲ್ಲಿ ಅದನ್ನು ಇದೇ ಹಾಳೆಯಲ್ಲಿ ಲಿಖಿತವಾಗಿ ದಾಖಲಿಸಲು ವಿನಂತಿಸಿದೆ. ನನ್ನ ತಿಳಿವಳಿಕೆಯಂತೆ ಈ ಸ್ಥಳವನ್ನು ಆ ಮಕ್ಕಳಿಗಲ್ಲದೆ ಬೇರೆ ಯಾರಿಗೂ

(ಅಂಚಿನಲ್ಲಿ, ಪೆನ್ಸಿಲಿನಲ್ಲಿ)

ಮಗು, ಇದು ಮೊದಲು ಇದ್ದ ಪುಟ. ಒಂದು ಸಲ ಕಾಪಿ ಬರಿ. ಈ ಸಲ ಓದಿಕೊಂಡು ಬರಿ.